ಹೊಸ್ತಿಲಿಗೆ ತಂತಿ ಕಟ್ಟಿದ್ದು

ಮಲ್ಲೇಶ್ವರದ ಮನೆಯ ಹಿತ್ತಲಲ್ಲಿ ಒಂದು ತಗಡಿನ ಶೆಡ್ಡು ಹಾಕಿಕೊಂಡು ನಾನು ಬಾಸ್ ಗಿಟಾರ್ ಮಾಡುತ್ತೇನೆ ಅಂದರೆ ನೆಂಟರು ಎರಡು ಪ್ರಶ್ನೆ ಕೇಳುತ್ತಾರೆ. "ಅದು ಸರಿ, ಕೆಲಸಕ್ಕೆ ಎಲ್ಲಿಗೆ ಹೋಗ್ತೀಯ?" ಎಂಬುದು ಮೊದಲನೆಯದು. "ನುಡಿಸೋಕೂ ಬರುತ್ತಾ?" ಎಂಬುದು ಎರಡನೆಯದು. ಮೊದಲನೆಯದಕ್ಕೆ ಶೆಡ್ಡಿನ ಕಡೆ ಕೈ ತೋರಿಸುತ್ತೇನೆ. ಎರಡನೆಯದಕ್ಕೆ ಲಿಯೋ ಫೆಂಡರ್‌ನನ್ನು ಮುಂದೆ ಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಎಂಬ ಊರಲ್ಲಿ ರೇಡಿಯೊ ರಿಪೇರಿಯಿಂದ ಶುರುಮಾಡಿದ ಆ ಪುಣ್ಯಾತ್ಮ 1951ರಲ್ಲಿ ಪ್ರಿಸಿಷನ್ ಬಾಸನ್ನು ಹೊರತಂದ. ಅಲ್ಲಿಯವರೆಗೆ ಆಳೆತ್ತರದ ಡಬಲ್ ಬಾಸನ್ನು ಹೊತ್ತು ಊರೂರು ಅಲೆಯುತ್ತಿದ್ದವರ ಬೆನ್ನು ಉಳಿಸಿದ. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಈ ಒಂದು ಸಂಗತಿ ಎಷ್ಟೋ ಮದುವೆಮನೆಗಳಲ್ಲಿ ನನ್ನ ಮಾನ ಕಾಪಾಡಿದೆ.

ಅಂಗಡಿಯಲ್ಲಿ ಸಲೀಸಾಗಿ ಸಿಗುವುದನ್ನು ಬಿಟ್ಟು ನನ್ನ ಹತ್ತಿರ ಬರುವವರು ಸಾಮಾನ್ಯರಲ್ಲ. ಅವರಿಗೆ ಬೇಕಾದದ್ದು ಮರವಲ್ಲ, ತಂತಿಯಲ್ಲ, ಎಲ್ಲೋ ಒಮ್ಮೆ ಕೇಳಿದ ಒಂದು ನಾದ. ಅದನ್ನು ಬಾಯಲ್ಲಿ ಹೇಳಲಾರದೆ ಗಾಳಿಯಲ್ಲಿ ಕೈಯಾಡಿಸುತ್ತಾರೆ. ಒಬ್ಬನಿಗೆ ಬಾಸ್ ವಾದಕ ಜಾಕೊ ಪಾಸ್ಟೋರಿಯಸ್‌ನ ಗೀಳು. ಆ ಮಹಾಶಯ ತನ್ನ 1962ರ ಜಾಜ್ ಬಾಸಿನ ಫ್ರೆಟ್ಟುಗಳನ್ನೆಲ್ಲ, ಅಂದರೆ ಕುತ್ತಿಗೆಗೆ ಅಡ್ಡವಾಗಿ ಕೂರಿಸಿದ ಲೋಹದ ಎಳೆಗಳನ್ನೆಲ್ಲ, ಕಿತ್ತು, ಸಂದುಗಳಿಗೆ ಪುಟ್ಟಿ ತುಂಬಿ, ಮೇಲೆ ಎಪಾಕ್ಸಿ ಬಳಿದು ನುಡಿಸಿದವನು. "ನನಗೂ ಹಾಗೇ ಕಿತ್ತುಕೊಡಿ" ಅಂದ ಈ ಹುಡುಗ. ಫ್ರೆಟ್ಟನ್ನೇ ಹಾಕದೆ ಮಾಡಿಕೊಡುತ್ತೇನಪ್ಪಾ ಅಂದೆ. ಒಪ್ಪಲಿಲ್ಲ. ಹಾಕಿ ಕೀಳಬೇಕು, ಕಿತ್ತ ಜಾಗದಿಂದಲೇ ಆ ನಾದ ಬರುವುದು ಎಂದು ಅವನ ನಂಬಿಕೆ. ಹಾಕಿದೆ, ಕಿತ್ತೆ, ಎರಡಕ್ಕೂ ಕೂಲಿ ತೆಗೆದುಕೊಂಡೆ. ಅವನು ನುಡಿಸಿ ನೋಡಿ ಕಣ್ಣು ಒರೆಸಿಕೊಂಡ. ಆಮೇಲೆ ನನಗೂ ಏನೋ ಕೇಳಿಸಿತು ಅನ್ನಿಸಿತು.

ಬಾಸಿನ ನಾಲ್ಕು ತಂತಿ ಸೇರಿ ಅದರ ಕುತ್ತಿಗೆಯನ್ನು 70–80 ಕಿಲೋದಷ್ಟು ಜಗ್ಗುತ್ತವೆ. ಉಂಡು ತೃಪ್ತರಾದ ಗೃಹಸ್ಥರೊಬ್ಬರು ಹಗಲಿರುಳೂ ಅದಕ್ಕೆ ಜೋತುಬಿದ್ದಂತೆ. ಬಾಗದಿರಲೆಂದು ಒಳಗೆ ಉಕ್ಕಿನ ಸರಳು ಇಡುತ್ತೇವೆ, ಮೇಲೆ ಗಟ್ಟಿ ಮರದ ಪಟ್ಟಿ ಅಂಟಿಸುತ್ತೇವೆ. ಬೆರಳು ಓಡಾಡುವುದು ಆ ಪಟ್ಟಿಯ ಮೇಲೆ. ಅದಕ್ಕೆ ನಮ್ಮ ಬೀಟೆಯೇ ಸರಿ. 1960ರ ದಶಕದಲ್ಲಿ ಬ್ರೆಜಿಲ್ಲಿನ ರೋಸ್‌ವುಡ್ ಸಿಗುವುದು ಕಷ್ಟವಾಗುತ್ತ ಬಂದಾಗ ಅಮೆರಿಕದ ಗಿಟಾರ್ ಕಂಪನಿಗಳು ಕಣ್ಣು ಹಾಕಿದ್ದು ಪಶ್ಚಿಮಘಟ್ಟದ ಈ ಮರದ ಮೇಲೆ. ಇಲ್ಲಿ ಮಾತ್ರ ನಮ್ಮ ತೋಟದಲ್ಲೇ ಬೆಳೆದಿದ್ದರೂ ಅರಣ್ಯ ಇಲಾಖೆಯ ಅಪ್ಪಣೆ ಇಲ್ಲದೆ ಅದಕ್ಕೆ ಕೊಡಲಿ ಇಡುವಂತಿಲ್ಲ. ಹಾಗಾಗಿ ಎಲ್ಲಾದರೂ ಹಳೇ ಮನೆ ಕೆಡವುತ್ತಾರೆ ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಇದು ಒಳ್ಳೆಯ ಗುಣವಲ್ಲ ಎಂದು ಗೊತ್ತು.

ಕೊಪ್ಪದ ಕಡೆಯ ಹುಡುಗನೊಬ್ಬ ಆಟೋದಲ್ಲಿ ಜಮಖಾನ ಸುತ್ತಿದ ಮರವೊಂದನ್ನು ತಂದಿಳಿಸಿದ್ದು ಹಾಗೆ ಕೆಡವಿದ ತನ್ನ ಹಿರಿಯರ ಮನೆಯಿಂದಲೇ. ಹಿಸ್ಸೆಯಲ್ಲಿ ದೊಡ್ಡಪ್ಪನಿಗೆ ಕಂಬಗಳು, ಚಿಕ್ಕಪ್ಪನಿಗೆ ತೂಗುಮಂಚ, ಯಾರೂ ಕೇಳದ ಹೊಸ್ತಿಲು ಇವನಪ್ಪನಿಗೆ. ಹುಡುಗ ಕೆಲಸಕ್ಕೆಂದು ಮ್ಯೂನಿಕ್‌ಗೆ ಹೊರಟಿದ್ದ, ಆ ಹೊಸ್ತಿಲಿನದೇ ಪಟ್ಟಿಯ ಬಾಸ್ ಜೊತೆಗಿರಬೇಕೆಂದು ಅವನ ಆಸೆ. ಜೊತೆಗೆ ಬಂದಿದ್ದ ತಾಯಿ ಶೆಡ್ಡಿನ ಬಾಗಿಲಲ್ಲೇ ನಿಂತರು.

"ಹೊಸ್ತಿಲ ಮೇಲೆ ಕೂರಬೇಡ, ನಿಲ್ಲಬೇಡ ಅಂತ ಬೈದು ಬೈದು ಬೆಳೆಸಿದ್ದು ಇವನನ್ನ. ಈಗ ಅದನ್ನ ತುಳಿಯೋದಾ?"

"ತುಳಿಯಲ್ಲಮ್ಮ, ಬೆರಳಲ್ಲಿ ಒತ್ತೋದು."

"ಯಾವ ಕೈ?"

ನಾನು ತಗಡಿನ ಸೂರು ನೋಡುತ್ತ ನಿಂತೆ. "ಎಡಗೈ" ಅಂದ ಹುಡುಗ, ಸಣ್ಣ ದನಿಯಲ್ಲಿ.

ಅವರು ಸ್ವಲ್ಪ ಹೊತ್ತು ಯೋಚಿಸಿ, "ತೊಳಕೊಂಡು ನುಡಿಸು" ಎಂದು ಅಪ್ಪಣೆ ಕೊಟ್ಟರು.

ಗರಗಸಕ್ಕೆ ಕೊಟ್ಟಾಗ ಮೊದಲು ಬಿದ್ದ ಪುಡಿ ಹಳದಿ. ಎಷ್ಟು ಶುಕ್ರವಾರಗಳ ಅರಿಶಿನವೋ, ಮರದ ನರನರಕ್ಕೆ ಇಳಿದಿತ್ತು. ಆಮೇಲೆ ಕಂದು, ಅದರೊಳಗಿಂದ ನೇರಳೆ, ಜೊತೆಗೆ ಬೀಟೆಯ ಸಿಹಿ ವಾಸನೆ. ಹೊಸ್ತಿಲ ನಡುವೆ ಒಂದು ತಗ್ಗಿತ್ತು. ತುಳಿಯಬಾರದು ಎಂದು ಹೇಳಿಸಿಕೊಂಡವರೆಲ್ಲ ತಲೆಮಾರುಗಟ್ಟಲೆ ತುಳಿದೇ ಓಡಾಡಿದ್ದರು. ಹೇಳಿದವರೂ ತುಳಿದಿರಬೇಕು, ಸೊಸೆಯಾಗಿ ಬಂದವರಿಗೆ ಅಡುಗೆಮನೆಗೂ ಅಂಗಳಕ್ಕೂ ದಿನಕ್ಕೆ ಎಷ್ಟು ಸಲ ಎಂದು ಲೆಕ್ಕವೆಲ್ಲಿ! ನನ್ನ ಪಟ್ಟಿಗೆ ತಗ್ಗು ಆಗಿಬರುವುದಿಲ್ಲ, ಕೂದಲೆಳೆಯಷ್ಟು ಏರುಪೇರಿದ್ದರೂ ತಂತಿ ಗರಗರ ಎನ್ನುತ್ತದೆ. ಮೇಲಿನ ಪದರವನ್ನು ಇಡಿಯಾಗಿ ಸೀಳಿ ತೆಗೆದು, ಒಳಗಿನ ಹೊಸ ಮರದಲ್ಲಿ ಪಟ್ಟಿ ಮಾಡಿದೆ. ಮನುಷ್ಯರು ಓಡಾಡಿದ ಜಾಗ ತುಂಡುಗಳ ಬುಟ್ಟಿಗೆ ಹೋಯಿತು.

ಬಾಸ್ ಚೆನ್ನಾಗಿ ಬಂತು. 34 ಇಂಚಿನ ಸ್ಕೇಲು, ಅಂದರೆ ತಂತಿ ಮಿಡಿಯುವ ಉದ್ದ; ಅದರ ಅರ್ಧಕ್ಕೆ, ಹದಿನೇಳನೆಯ ಇಂಚಿಗೆ ಸರಿಯಾಗಿ ಹನ್ನೆರಡನೆಯ ಫ್ರೆಟ್ಟು. ಬೀಟೆಗೆ ವಿಮಾನ ಹತ್ತುವ ಯೋಗವಿದೆಯೇ ಎಂದು ಹುಡುಗನಿಗೆ ದಿಗಿಲು. 2017ರಲ್ಲಿ ಬಂದ ಅಂತರರಾಷ್ಟ್ರೀಯ ಕಟ್ಟುಪಾಡು 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳ ಮಟ್ಟಿಗೆ ಸಡಿಲವಾಗಿದೆ ಎಂದು ಸಮಾಧಾನ ಹೇಳಿದೆ. ಹೋದ. ದಪ್ಪ ತಂತಿ ಮೀಟಿದರೆ ಪಕ್ಕದ ಫ್ಲಾಟಿನವರು ಗೋಡೆ ಬಡಿಯುತ್ತಾರೆ ಎಂದು ಅಲ್ಲಿಂದ ಸಂತೋಷದಿಂದ ಬರೆದ.

ಆಮೇಲೊಂದು ದಿನ ತಾಯಿಯ ಫೋನು. ಆ ಮೇಲಿನ ತುಂಡು ಇದೆಯೇ, ಒಲೆಗೆ ಹಾಕಿಬಿಟ್ಟಿರಾ? ಬುಟ್ಟಿಯಲ್ಲೇ ಇತ್ತು. ಮಗ ಹೋದ ಮೇಲೆ ಅಪ್ಪ ಅಮ್ಮ ಇಬ್ಬರೂ ವಿಜಯನಗರದ ಫ್ಲಾಟೊಂದರಲ್ಲಿದ್ದರು. ಅಲ್ಲಿ ಬಾಗಿಲಿದೆ, ಕ್ಯಾಮೆರಾ ಇದೆ, ಹೊಸ್ತಿಲಿಲ್ಲ. ದೇವರ ಗೂಡಿನ ಮುಂದೆ ಇಡುವಷ್ಟು ಚಿಕ್ಕದೊಂದು ಮಾಡಿಕೊಡಲು ಸಾಧ್ಯವೇ ಎಂದು ಕೇಳಿದರು. ನಾನು ಉತ್ಸಾಹದಿಂದ, ಫ್ರೆಟ್ಟು ಮಾಡುವ ಕೈ ನೋಡಿ, ತಗ್ಗೆಲ್ಲ ತೆಗೆದು ಕನ್ನಡಿಯ ಹೊಳಪು ಬರಿಸಿಕೊಡುತ್ತೇನೆ ಅಂದೆ.

"ತಗ್ಗು ಹಾಗೇ ಇರಲಿ" ಅಂದರು. "ಪಾಲಿಷ್ ಬೇಡ, ಅರಿಶಿನ ಹಿಡಿಯಲ್ಲ."

ನನ್ನ ಆರ್ಡರ್ ಪುಸ್ತಕದಲ್ಲಿ ಪ್ರತಿಯೊಂದಕ್ಕೂ ಸ್ಕೇಲು, ತಂತಿ, ಮರ, ಪಾಲಿಷ್, ಬಾಕಿ ಎಂದು ಅಂಕಣಗಳಿವೆ. ಇದನ್ನೂ ಬರೆದಿಟ್ಟಿದ್ದೇನೆ: ಸ್ಕೇಲು 14 ಇಂಚು, ತಂತಿ ಇಲ್ಲ, ಮರ ಬೀಟೆ, ಪಾಲಿಷ್ ಇಲ್ಲ. ದುಡ್ಡು ಬೇಡವೆಂದರೂ ಕೇಳದೆ ಒಂದು ಡಬ್ಬ ತುಂಬ ಕೋಡುಬಳೆ ಕೊಟ್ಟುಹೋದರು. ಡಬ್ಬ ಹಿಂದಿರುಗಿಸಬೇಕು ಎಂಬುದು ಬಾಕಿಯ ಅಂಕಣದಲ್ಲಿದೆ.