ಅಗಸೂರಿನ ಕಾಡುದಾರಿಯೂ ಮೃಗಯೆಯ ಕ್ಷೇಮವೂ

ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯನ್ನು ಹಿಡಿದು ಪೂರ್ವಾಭಿಮುಖವಾಗಿ ಹೊರಟರೆ, ಕಡಲಿನ ಗಾಳಿಯು ಹಿಂದುಳಿದು ಕಾಡಿನ ತಂಪು ಎದುರುಗೊಳ್ಳುವಲ್ಲಿ ಅಗಸೂರೆಂಬ ಗ್ರಾಮವು ಸಿಗುವುದು. ಗದ್ದೆ, ತೆಂಗು, ಹೆಂಚಿನ ಮನೆಗಳು. ಅವುಗಳ ಬೆನ್ನಿಗೇ ಮತ್ತಿ, ನಂದಿ, ಹೊನ್ನೆ, ತೇಗಗಳ ಅರಣ್ಯ. ಇದೇ ಮಾರ್ಗವು ಹೊಸಕಂಬಿ, ಸುಂಕಸಾಳ, ರಾಮನಗುಳಿಗಳನ್ನು ದಾಟಿ, ಗಂಗಾವಳಿಯ ಕಣಿವೆಯನ್ನನುಸರಿಸಿ, ಅರಬೈಲು ಘಟ್ಟವನ್ನೇರಿ ಯಲ್ಲಾಪುರವನ್ನು ಸೇರುತ್ತದೆ. ಲಾರಿಗಳ ಸದ್ದಿನಲ್ಲಿ ಸಾಗುವ ಪ್ರಯಾಣಿಕರಿಗೆ ಇದೊಂದು ಹಾದಿಯ ಊರು ಮಾತ್ರ. ಆದರೆ ಇಳಿದು ಕಾಲುದಾರಿಯನ್ನು ಹಿಡಿದವರಿಗೆ ಇಲ್ಲಿ ತಿಳಿಯಬೇಕಾದದ್ದು ಬಹಳವುಂಟು.

ಈ ಸೀಮೆಯ ಹಿರಿಯರಲ್ಲಿ ಶಿಕಾರಿಯ ಕಥೆಗಳಿಗೆ ಬರವಿಲ್ಲ. ಸೋವಿನವರು ಕೂಗುತ್ತ ಹಂದಿಯನ್ನೆಬ್ಬಿಸುವುದು, ಕೋವಿ ಹಿಡಿದವನು ಉಸಿರು ಬಿಗಿಹಿಡಿದು ಕಾದು ನಿಲ್ಲುವುದು, ಸಂಜೆಗೆ ಮಾಂಸದ ಪಾಲು ಹಂಚುವುದು, ಇವೆಲ್ಲವನ್ನೂ ಅವರು ರಸವತ್ತಾಗಿ ವರ್ಣಿಸುವರು. ಆದರೆ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಅವರು ಹಂದಿಯ ಕೋರೆಗಾಗಲಿ ಚಿರತೆಯ ಉಗುರಿಗಾಗಲಿ ಅಷ್ಟು ಹೆದರಿದವರಲ್ಲ. ಪೊದೆಯಾಚೆ ಅಲುಗಿದ್ದು ಮೃಗವೋ ಮನುಷ್ಯನೋ ಎಂದು ನೋಡದೆ ಈಡು ಹಾರಿಸುವ ಜೊತೆಗಾರನಿಗೆ ಹೆದರಿದವರು. ಸರಯೂ ತೀರದಲ್ಲಿ ಕೊಡಕ್ಕೆ ನೀರು ತುಂಬುವ ಶಬ್ದವನ್ನು ಆನೆಯದೆಂದು ಭ್ರಮಿಸಿ ಬಾಣ ಬಿಟ್ಟ ದಶರಥನ ಕಥೆಯನ್ನು ಬಲ್ಲ ನಮಗೆ ಇದು ಹೊಸ ಮಾತಲ್ಲ. ಆ ಬಾಣದಿಂದ ಸತ್ತವನು ಬೇಟೆಗಾರನಲ್ಲ. ಕುರುಡು ತಂದೆತಾಯಿಗಳ ಮಗನು.

ಕೆಲವು ತಿಂಗಳ ಹಿಂದೆ ಈ ದಾರಿಯಲ್ಲಿ ನನ್ನೊಡನೆ ನಡೆದು ಬಂದ ಹಳೆಯ ವಿದ್ಯಾರ್ಥಿಯೊಬ್ಬನು, ಕೊಲ್ಲಿಯ ದೇಶದಲ್ಲಿ ಉದ್ಯೋಗದಲ್ಲಿರುವವನು, ಹೀಗೆ ಕೇಳಿದನು: “ಮಾಸ್ತರ್ರೇ, ನಮ್ಮ ಧಣಿಗಳು ಆಫ್ರಿಕಾಕ್ಕೆ ಬೇಟೆಗೆ ಹೋಗುವವರಿದ್ದಾರೆ, ನನ್ನನ್ನೂ ಕರೆಯುತ್ತಾರೆ. ಅವರು ಹೇಳುವ ದೇಶದಲ್ಲಿ ಆಗಾಗ ದಂಗೆಯಂತೆ. ಸಿಂಹಕ್ಕೆ ನಾನು ಹೆದರೂದಿಲ್ಲ; ಹೋಗಬಹುದೋ?”

ಪ್ರಶ್ನೆಯು ಪುರಾತನವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ, ಜೂಜು ಮತ್ತು ಮೃಗಯೆಗಳೊಳಗೆ ಯಾವುದು ಹೆಚ್ಚು ಕೆಟ್ಟ ವ್ಯಸನವೆಂಬ ಚರ್ಚೆ ಬರುತ್ತದೆ. ಪಿಶುನನೆಂಬ ಆಚಾರ್ಯನು ಮೃಗಯೆಯೇ ಕೆಟ್ಟದ್ದೆಂದು ವಾದಿಸಿ ಅದರ ಅಪಾಯಗಳನ್ನೆಣಿಸುತ್ತಾನೆ: ಕಳ್ಳರು, ಶತ್ರುಗಳು, ದುಷ್ಟಮೃಗಗಳು, ಕಾಡುಗಿಚ್ಚು, ಎಡವಿ ಬೀಳುವುದು, ದಿಕ್ಕು ತಪ್ಪುವುದು, ಹಸಿವು, ನೀರಡಿಕೆ. ಈ ಪಟ್ಟಿಯಲ್ಲಿ ಮನುಷ್ಯರಿಂದ ಬರುವ ಭಯವೇ ಮೊದಲು. ಮೃಗಕ್ಕೆ ಮೂರನೆಯ ಸ್ಥಾನ. ಕೌಟಿಲ್ಯನು ಇದನ್ನೊಪ್ಪದೆ, ಬೇಟೆಯಿಂದ ವ್ಯಾಯಾಮವೂ ಚಲಿಸುವ ಗುರಿಯ ಅಭ್ಯಾಸವೂ ಆಗುವುದೆನ್ನುತ್ತಾನೆ. ಆದರೂ ಮೊದಲನೆಯ ಅಧಿಕರಣದಲ್ಲಿ ರಾಜನ ರಕ್ಷಣೆಯನ್ನು ಹೇಳುವಾಗ ಅವನೇ ಎಚ್ಚರಿಕೆ ಕೊಟ್ಟಿರುವನು: ಬೇಡರೂ ನಾಯಿ ಸಾಕಿದವರೂ ಮುಂದಾಗಿ ಹೋಗಿ ಕಳ್ಳರ, ಕ್ರೂರಮೃಗಗಳ, ಶತ್ರುಗಳ ಭಯವನ್ನು ಕಳೆದ ಅರಣ್ಯಕ್ಕೇ ಅರಸನು ಹೋಗತಕ್ಕದ್ದು. ಸೈನ್ಯವುಳ್ಳ ಅರಸನಿಗೇ ಈ ವಿಧಿಯಾದರೆ, ಸಾಮಾನ್ಯ ಗೃಹಸ್ಥನ ಪಾಡೇನು?

ಆಳಿಕೆಯು ಅಲುಗಿದರೆ ಏನಾಗುವುದೆಂಬುದನ್ನು ನಮ್ಮ ಸೀಮೆಯೂ ಕಂಡಿದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಈ ಕರಾವಳಿಯು ಕಂಪನಿಯ ವಶವಾಯಿತು. 1801ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಕಂಡದ್ದು ಪಾಳುಬಿದ್ದ ಅಂಕೋಲೆಯ ಕೋಟೆ, ಕಳ್ಳರು ಹಲವು ಬಾರಿ ಸುಟ್ಟ ಪೇಟೆ. ಅಂಥ ದಿನಗಳಲ್ಲಿ ಪೇಟೆಯ ಬೀದಿಯೇ ಕ್ಷೇಮವಲ್ಲವಾದರೆ ಕಾಡಿನ ದಾರಿಯ ಮಾತೇಕೆ?

ಆಫ್ರಿಕಾ ಎಂಬುದು ಒಂದೇ ದೇಶವಲ್ಲವೆಂಬುದನ್ನು ಇಲ್ಲಿ ಮರೆಯಬಾರದು. ತಾಂಜಾನಿಯಾ, ನಮೀಬಿಯಾಗಳಲ್ಲಿ ಕಾಯಿದೆಗೊಳಪಟ್ಟು ಬೇಟೆ ನಡೆಯುತ್ತದೆ. ಕೀನ್ಯಾ ದೇಶವು 1977ರಲ್ಲಿಯೇ ಅದನ್ನು ನಿಷೇಧಿಸಿತು. ಮಧ್ಯ ಆಫ್ರಿಕಾ ಗಣರಾಜ್ಯದ ಸ್ಥಿತಿಯು ಬೇರೆ. 1960ರಲ್ಲಿ ಫ್ರೆಂಚರಿಂದ ಬಿಡುಗಡೆ ಹೊಂದಿದ ಆ ದೇಶಕ್ಕೆ ಫ್ರಾನ್ಸಿನ ಅಧ್ಯಕ್ಷ ಜಿಸ್ಕಾರ್ ದೆಸ್ತ್ಯಾಂಗನೇ 1970ರ ದಶಕದಲ್ಲಿ ಬೇಟೆಗಾಗಿ ಹೋಗುತ್ತಿದ್ದನು. ಅಲ್ಲಿ ದಂಗೆಯ ಮೇಲೆ ದಂಗೆಯಾಗಿ, 2013ರ ಮಾರ್ಚಿಯಲ್ಲಿ ಸೆಲೆಕಾ ಎಂಬ ಬಂಡಾಯಗಾರರು ರಾಜಧಾನಿ ಬಾಂಗಿಯನ್ನು ಹಿಡಿದರು. ಅದೇ ಮೇ ತಿಂಗಳಲ್ಲಿ ಶಸ್ತ್ರಧಾರಿಗಳು ಜಾಂಗಾ ಎಂಬ ಕಾಡಿನ ಬಯಲಿಗೆ ನುಗ್ಗಿ 26 ಆನೆಗಳನ್ನು ಕೊಂದರು. ಅಂಥಲ್ಲಿ ಪರವಾನಗಿ ಕೊಡುವ ಸರಕಾರವೊಂದು, ದಾರಿಯಲ್ಲಿ ತಡೆಯುವ ಪಡೆ ಇನ್ನೊಂದು. ಕೋವಿ ಹಿಡಿದ ಪರದೇಶಿಯನ್ನು ಒಂದು ಪಕ್ಷದವರು ಎದುರು ಪಕ್ಷದ ಸೈನಿಕನೆಂದು ಭಾವಿಸಿದರೆ, ಚೀಟಿ ತೋರಿಸುವಷ್ಟು ಅವಕಾಶವಾದರೂ ಸಿಕ್ಕೀತೆ? ಅವನು ಹೇಗೋ ವಿಮಾನವೇರಿ ಪಾರಾದರೂ, ಅವನ ಹಣಕ್ಕಾಗಿ ಜಾಡು ತೋರಿಸಿದ, ಅಡಿಗೆ ಮಾಡಿದ ಸ್ಥಳೀಕನು ಆ ಕಿಚ್ಚಿನಲ್ಲೇ ಉಳಿಯುವನು.

ಇದು ನಮ್ಮ ಕನ್ನಡನಾಡಿಗೆ ದೂರದ ಸಂಗತಿಯೂ ಅಲ್ಲ. ಹಕ್ಕಿಪಿಕ್ಕಿ ಜನರು ಪರಂಪರೆಯಿಂದ ಬೇಟೆಗಾರರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಆ ವೃತ್ತಿಯು ನಿಂತುಹೋಗಿ, ಅವರಲ್ಲಿ ಅನೇಕರು ಎಣ್ಣೆ, ಗಿಡಮೂಲಿಕೆಗಳನ್ನು ಮಾರುತ್ತ ಆಫ್ರಿಕಾದವರೆಗೂ ಹೋದರು. 2023ರ ಏಪ್ರಿಲ್ 15ರಂದು ಸೂಡಾನಿನಲ್ಲಿ ಸೈನ್ಯಕ್ಕೂ ಅರೆಸೈನಿಕ ಪಡೆಗೂ ಯುದ್ಧ ಹೊತ್ತಿದಾಗ, ಹುಣಸೂರು, ಶಿವಮೊಗ್ಗ, ಚನ್ನಗಿರಿಗಳ ಕಡೆಯಿಂದ ಹೋಗಿದ್ದ ಹಕ್ಕಿಪಿಕ್ಕಿ ಸಂಸಾರಗಳು ಅಲ್ಲಿ ಸಿಕ್ಕಿಬಿದ್ದವು. ಭಾರತ ಸರಕಾರವು ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ಹಡಗು, ವಿಮಾನಗಳನ್ನು ಕಳುಹಿಸಿ 3,800ಕ್ಕೂ ಹೆಚ್ಚು ಜನರನ್ನು ಪಾರುಮಾಡಿತು. ಕಾಡಿನ ಜಾಡನ್ನು ತಲೆತಲಾಂತರದಿಂದ ಬಲ್ಲವರಿಗೂ, ರಾಜ್ಯವೇ ಕಾಡಾದಾಗ ಆ ವಿದ್ಯೆಯು ಉಪಯೋಗಕ್ಕೆ ಬರಲಿಲ್ಲ. ಅವರು ಹೋದದ್ದು ಹೊಟ್ಟೆಪಾಡಿಗೆ. ವಿನೋದಕ್ಕಾಗಿ ಅಂಥ ಅಪಾಯವನ್ನು ಕರೆದುಕೊಳ್ಳುವುದು ವಿವೇಕವಲ್ಲವೆಂದು ನಾನು ಆ ತರುಣನಿಗೆ ಹೇಳಿದೆನು. ಹೋಗಲೇಬೇಕೆಂಬ ಪ್ರಸಂಗ ಬಂದರೆ ಧಣಿಯ ಭರವಸೆಯನ್ನು ನೆಚ್ಚದೆ, ಆ ದೇಶದ ವಿಷಯವಾಗಿ ನಮ್ಮ ಸರಕಾರವು ಹೊರಡಿಸಿದ ಸೂಚನೆಯನ್ನು ಓದತಕ್ಕದ್ದು. ಹತ್ತಿರದ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸತಕ್ಕದ್ದು. ಹಿಂದಿರುಗುವ ದಾರಿಯು ಎರಡಾದರೂ ಇರುವಂತೆ ನೋಡಿಕೊಳ್ಳತಕ್ಕದ್ದು.

ಅಗಸೂರಿನ ಕಾಡು ಇಂದು ಬೇರೊಂದು ಕಾರಣಕ್ಕೆ ನೋಡತಕ್ಕದ್ದಾಗಿದೆ. ಇಲ್ಲಿನ ಅರಣ್ಯ ಖಾತೆಯ ಸಸಿಮಡಿಗಳಲ್ಲಿ ಬೀಜಗಳ ಆರೈಕೆ ಮಾಡಿದವರು ಇದೇ ತಾಲೂಕಿನ ಹೊನ್ನಳ್ಳಿಯ ಹಾಲಕ್ಕಿ ಒಕ್ಕಲಿಗ ಮಹಿಳೆ ತುಳಸಿ ಗೌಡರು. ಅಕ್ಷರ ಕಲಿಯದಿದ್ದರೂ ಯಾವ ತಾಯಿಮರದ ಬೀಜವನ್ನು ಯಾವಾಗ ಆಯಬೇಕೆಂಬುದನ್ನು ಬಲ್ಲವರು. ಕಳ್ಳಬೇಟೆಯನ್ನೂ ಕಾಡುಗಿಚ್ಚನ್ನೂ ತಡೆಯುವಲ್ಲಿ ನೆರವಾದವರು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿಯೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀಯನ್ನು ಸ್ವೀಕರಿಸಿದ ಆ ವೃದ್ಧೆ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಶಾಕುಂತಲ ನಾಟಕದಲ್ಲಿ ಬೇಟೆಗೆ ಹೊರಟ ದುಷ್ಯಂತನು ತಪಸ್ವಿಗಳ ಮಾತಿಗೆ ಬಾಣವನ್ನಿಳಿಸಿ, ಮುಂದೆ ಕಾಣುವುದು ಗಿಡಗಳಿಗೆ ನೀರೆರೆಯುವ ಕನ್ಯೆಯರನ್ನು. ಅರಸನು ಸೈನ್ಯವನ್ನು ಬಿಟ್ಟು ನಿರ್ಭಯನಾಗಿ ಒಳಹೊಕ್ಕದ್ದು ಆ ವನಕ್ಕೆ.

ವಾಚಕರು ಕಾರವಾರ, ಗೋಕರ್ಣಗಳಿಗೆ ಬಂದಾಗ ಮಕ್ಕಳೊಡನೆ ಒಂದು ದಿನ ಈ ಕಡೆಗೂ ಬರಲಿ. ಮಳೆಗಾಲವು ಕಳೆದ ಮೇಲೆ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು, ಬೆಳಗಿನ ಹೊತ್ತು ನಡೆದರೆ ಸಾಕು. ಇಲ್ಲಿ ಕೋವಿ ಬೇಕಾಗಿಲ್ಲ. ನೀರಿನ ಚೆಂಬೂ ನೋಡುವ ಕಣ್ಣೂ ಇದ್ದರಾಯಿತು.