ಸಿಂಪ್ಸನ್ ಮರುಭೂಮಿಗೆ ಹೊರಡುವ ಮುನ್ನ

ಆಸ್ಟ್ರೇಲಿಯಾದ ಒಳನಾಡಿನಲ್ಲಿರುವ ಸಿಂಪ್ಸನ್ ಮರುಭೂಮಿಯನ್ನು ದಾಟಲು ಬರ್ಡ್ಸ್‌ವಿಲ್‌ನಿಂದ ಮೌಂಟ್ ಡೇರ್‌ವರೆಗೆ ಸುಮಾರು 500 ಕಿ.ಮೀ. ಕ್ರಮಿಸಬೇಕು. ದಾರಿಗಡ್ಡವಾಗಿ ಸಾವಿರಕ್ಕೂ ಮಿಕ್ಕಿದ ಕೆಂಪು ಮರಳುದಿಬ್ಬಗಳು. ನಡುವೆ ಅಂಗಡಿಯಿಲ್ಲ, ಡೀಸೆಲ್ ಇಲ್ಲ.

ಇಂತಹ ಪಯಣಕ್ಕೆ ಅಲ್ಲಿನ ಅನೇಕರು ನೆಚ್ಚುವುದು ‘ಯೂಟ್’ ಎಂಬ ವಾಹನವನ್ನು. ಮುಂದೆ ಕ್ಯಾಬಿನ್, ಹಿಂದೆ ಬದಿಹಲಗೆಗಳನ್ನು ಇಳಿಸಬಹುದಾದ ಸಪಾಟು ತಟ್ಟು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ. ನಾವು ನಾಲ್ವರು ಅಂತಹುದೊಂದನ್ನು ಸಜ್ಜುಗೊಳಿಸಿದೆವು.

ಮೊದಲು ನೀರಿನ ಲೆಕ್ಕ. ದಿನಕ್ಕೆ ತಲಾ 7 ಲೀಟರಿನಂತೆ ಆರು ದಿನಕ್ಕೆ 168 ಲೀಟರು, ಅಂದರೆ 168 ಕಿಲೋ ಭಾರ. ಅದನ್ನು ಕಡಿಮೆ ಮಾಡುವಂತಿರಲಿಲ್ಲ. ವಾಹನದ ಭಾರಮಿತಿ ಮೀರಬಾರದೆಂದು ಮೇಜು, ಕುರ್ಚಿ, ಎರಡನೆಯ ಒಲೆಗಳನ್ನು ಇಳಿಸಿದೆವು. ನೀರಿನ ತೊಟ್ಟಿ, ಬ್ಯಾಟರಿಗಳನ್ನು ಹಿಂದಿನ ಅಚ್ಚಿಗಿಂತ ಮುಂದೆ, ತಗ್ಗಿನಲ್ಲಿ ಬಿಗಿದೆವು. ಭಾರ ಅಚ್ಚಿನ ಹಿಂದೆ ಬಿದ್ದರೆ ಮುಂಗಾಲಿಗಳ ಹಿಡಿತ ಸಡಿಲಗೊಂಡು, ಚಾಸಿಯೂ ಬಾಗುವ ಅಪಾಯವುಂಟು. ಹಗುರವಾದ ಹಾಸಿಗೆ, ಗುಡಾರಗಳು ಮೇಲೆ.

ಬರ್ಡ್ಸ್‌ವಿಲ್‌ನಿಂದ 35 ಕಿ.ಮೀ. ದೂರದಲ್ಲಿ, ಸುಮಾರು 40 ಮೀಟರ್ ಎತ್ತರದ ‘ಬಿಗ್ ರೆಡ್’ ದಿಬ್ಬ ಎದುರಾಯಿತು. ಟಯರಿನ ಗಾಳಿಯನ್ನು 18 ಪೌಂಡಿಗೆ ಇಳಿಸಿದೆವು. ಟಯರು ಹರಡಿಕೊಂಡು ಮರಳಿನಲ್ಲಿ ಹೂಳದೆ ಏರಿತು. ನೆತ್ತಿಯಾಚೆಯವರಿಗೆ ಮೊದಲು ಕಾಣುವುದು ವಾಹನದ ಮುಂದೆ ನೆಟ್ಟ ಎತ್ತರದ ಬಾವುಟ. ಅದು ಅಲ್ಲಿ ಕಡ್ಡಾಯ.

ಬೇಸಿಗೆಯ ಉರಿಗಾಗಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಉದ್ಯಾನ ಮುಚ್ಚಿರುತ್ತದೆ. ಆಸ್ಟ್ರೇಲಿಯಾದಲ್ಲಿರುವ ಮಕ್ಕಳ ಮನೆಗೆ ಹೋಗುವ ವಾಚಕರು ಜೂನ್-ಆಗಸ್ಟ್ ತಿಂಗಳನ್ನು ಆಯ್ದುಕೊಳ್ಳಲಿ; ಒಂಟಿ ವಾಹನದಲ್ಲಿ ಮಾತ್ರ ಹೊರಡದಿರಲಿ.