ಮಡಿಕೇರಿಯಿಂದ ಅಕ್ಕನಿಗೆ

ಮಡಿಕೇರಿ
ಡಿಸೆಂಬರ್, ರಾತ್ರಿ ಹನ್ನೊಂದು ದಾಟಿದೆ

ಪ್ರೀತಿಯ ಅಕ್ಕನಿಗೆ,

ಇದನ್ನು ಅಮ್ಮನಿಗೆ ಓದಿ ಹೇಳುವ ಮೊದಲು ನೀನೊಬ್ಬಳೇ ಒಮ್ಮೆ ಓದಿಕೋ. ನಡುವೆ ಒಂದು ರೇಡಿಯೇಟರ್ ಪ್ರಸಂಗ ಬರುತ್ತದೆ, ಅದನ್ನು ಹಾರಿಸಿಬಿಡು. ಘಾಟಿ ಅಂದರೆ ಸಾಕು, ಅವಳಿಗೆ 2018ರ ಗುಡ್ಡ ಕುಸಿತದ ಟೀವಿ ಸುದ್ದಿ ಕಣ್ಣಮುಂದೆ ಬಂದು ನಿದ್ದೆ ಹಾರಿಹೋಗುತ್ತದೆ. ನಾನು ಚೆನ್ನಾಗಿದ್ದೇನೆ. ಸ್ವೆಟರ್ ಹಾಕಿಕೊಂಡೇ ಬರೆಯುತ್ತಿದ್ದೇನೆ, ಕಿವಿಗೆ ಮಫ್ಲರೂ ಇದೆ. ಬಿಪಿ ಮಾತ್ರೆ ತಪ್ಪಿಸಿಲ್ಲ. ಹಂದಿ ತಿಂದನಾ ಅಂತ ಕೇಳೇ ಕೇಳುತ್ತಾಳೆ. ಇಲ್ಲ ಅನ್ನು.

ಊರು ನೋಡಿದ್ದಾಯಿತು. ರಾಜಾಸೀಟಿನಲ್ಲಿ ಮಂಜೂ ಇತ್ತು, ಮಂಜಿಗಿಂತ ಹೆಚ್ಚು ಸೆಲ್ಫಿ ಕೋಲುಗಳೂ ಇದ್ದವು. ಕೋಟೆಯೊಳಗೊಂದು ಸುತ್ತು ಹಾಕಿದೆ. ಜನರಲ್ ತಿಮ್ಮಯ್ಯನವರ ‘ಸನ್ನಿಸೈಡ್’ ಮನೆ ಈಗ ಮ್ಯೂಸಿಯಂ, ಅಚ್ಚುಕಟ್ಟಾಗಿದೆ. ಸರ್ಕಲ್ಲಿನಲ್ಲಿದ್ದ ಅವರ ಪ್ರತಿಮೆಯನ್ನು 2023ರಲ್ಲಿ ಬಸ್ಸೊಂದು ಗುದ್ದಿ ಉರುಳಿಸಿತ್ತಲ್ಲ, ಮತ್ತೆ ಎದ್ದು ನಿಂತಿದ್ದಾರೆ. ಮಾಂದಲಪಟ್ಟಿಗೆ ಹೋಗಲಿಲ್ಲ. ‘ಗಾಳಿಪಟ’ ಸಿನಿಮಾ ಬಂದಮೇಲೆ ಅದು ಎಲ್ಲರಿಗೂ ಮುಗಿಲುಪೇಟೆಯೇ ಆಗಿದೆ. ಜೀಪುಗಳ ಸಾಲು ನೋಡಿಯೇ ಹಿಂದಿರುಗಿದೆ.

ಇನ್ನು ಭಾವನ ಕೆಲಸ. ನಮ್ಮ ಸುಹಾಸ ನ್ಯೂಯಾರ್ಕಿನ ಕ್ವೀನ್ಸ್‌ನಿಂದ ಕಳಿಸಿದ ಆ ಫೋಟೋ ನೋಡಿದಾಗಿನಿಂದ ಅವರು ನನ್ನ ಬೆನ್ನು ಬಿದ್ದಿದ್ದಾರೆ, ನಿನಗೇ ಗೊತ್ತು. ಅವನು ಬೆಳಗ್ಗೆ ಓಡುವ ಆ ಕಿರಿದಾದ ಡಾಂಬರು ಹಾದಿ ಒಂದು ಕಾಲದ ಮೋಟಾರು ರಸ್ತೆಯ ತುಂಡಂತೆ. ವ್ಯಾಂಡರ್ಬಿಲ್ಟ್ ಅನ್ನುವ ಕೋಟ್ಯಧೀಶರ ಮನೆಯ ಹುಡುಗ 1904ರಿಂದ ಲಾಂಗ್ ಐಲೆಂಡಿನ ಹಳ್ಳಿ ರಸ್ತೆಗಳ ಮೇಲೆಯೇ ಕಾರು ರೇಸು ಮಾಡಿಸುತ್ತಿದ್ದ. ಜನ ರಸ್ತೆಗೇ ಇಳಿದು ನಿಲ್ಲುತ್ತಿದ್ದರು. 1906ರಲ್ಲಿ ನೋಡಲು ಬಂದವನೊಬ್ಬ ಕಾರಿಗೆ ಸಿಕ್ಕು ಸತ್ತ. ಆಮೇಲೆ ಸಾಹುಕಾರ, ‘ನಮ್ಮದೇ ರಸ್ತೆ ಮಾಡಿಕೊಳ್ಳೋಣ’ ಅಂತ ಹೊರಟು, ದನ, ಗಾಡಿ, ಅಡ್ಡರಸ್ತೆ ಯಾವುದೂ ಸೇರದಂತೆ ಮೇಲೆ ಕೆಳಗೆ ಸೇತುವೆ ಕಟ್ಟಿ, ಕಾಂಕ್ರೀಟ್ ಹಾಸಿ, 1908ರಲ್ಲಿ ಮೋಟಾರ್ ಪಾರ್ಕ್‌ವೇ ತೆರೆದ. ಕಾರಿಗಷ್ಟೇ ಅಂತ ಮಾಡಿದ ಮೊದಲ ರಸ್ತೆಗಳಲ್ಲಿ ಅದೊಂದು. ಬೆಳೆದು ಬೆಳೆದು ಎಪ್ಪತ್ತು ಕಿಲೋಮೀಟರಿನಷ್ಟಾಯಿತು. ಟೋಲು ಎರಡು ಡಾಲರ್, ಆ ಕಾಲಕ್ಕೆ! 1910ರ ರೇಸಿನಲ್ಲಿ ಮತ್ತೆ ಸಾವುಗಳಾಗಿ ಅಲ್ಲಿ ರೇಸೇ ನಿಂತಿತು. ಪಕ್ಕದಲ್ಲಿ ಸರ್ಕಾರ ಬಿಟ್ಟಿ ರಸ್ತೆ ಮಾಡಿತು. 1938ರಲ್ಲಿ ತೆರಿಗೆ ಬಾಕಿಗೆ ರಸ್ತೆಯನ್ನೇ ಸರ್ಕಾರಕ್ಕೆ ಒಪ್ಪಿಸಿ ಸಾಹುಕಾರರು ಕೈ ತೊಳೆದುಕೊಂಡರು.

‘ನಮ್ಮಲ್ಲಿ ಅಂಥದ್ದು ಇದ್ದರೆ ಕೊಡಗಿನಲ್ಲೇ ಇರಬೇಕು, ಹೋದವನು ನೋಡಿಕೊಂಡು ಬಾ’ ಅಂದರು ಭಾವ. ಷೋಳಾವರಂನ ಹಳೇ ರನ್‌ವೇ ಮೇಲೆ ರೇಸು ನೋಡಲು ಬೆಂಗಳೂರಿನಿಂದ ಮದ್ರಾಸಿಗೆ ರಾತ್ರಿ ರೈಲು ಹತ್ತುತ್ತಿದ್ದ ಮನುಷ್ಯ, ಅವರಿಗೆ ಇಲ್ಲ ಅನ್ನಲಾದೀತೇ.

ಉತ್ತರ ಸಣ್ಣದು: ಅಂಥದ್ದು ಇಲ್ಲಿಲ್ಲ. ರೇಸಿಗೆಂದು ಕೊಡಗಿನಲ್ಲಿ ಯಾರೂ ರಸ್ತೆ ಕಟ್ಟಿಸಿಲ್ಲ. ಆದರೆ ಕಾರುಗಳು ಸ್ಪರ್ಧೆಗೆ ಓಡುತ್ತವೆ, ಈಗಲೂ. ಹೇಗೆ ಅಂತ ನನಗೆ ತಿಳಿದದ್ದು ಆ ರೇಡಿಯೇಟರ್ ಪ್ರಸಂಗದಿಂದ.

ಇವತ್ತು ಬೆಳಗ್ಗೆ ಸಂಪಾಜೆಗೆ ಇಳಿದು ಹಿಂದಿರುಗುವುದು ಅಂತಿತ್ತು. ಮೂವತ್ತು ಕಿಲೋಮೀಟರೂ ಇಲ್ಲ, ಆದರೆ ಸಾವಿರದ ನೂರು ಮೀಟರಿಗೂ ಮೇಲಿರುವ ಮಡಿಕೇರಿಯಿಂದ ಅಡಿಕೆ ತೋಟದ ಸೆಕೆಗೆ ಇಳಿಯುತ್ತೀಯ. ಮಫ್ಲರ್ ಕಟ್ಟಿ ಹೊರಟವನು ಸಂಪಾಜೆಯಲ್ಲಿ ಎಳನೀರು ಕುಡಿದೆ. ಮದೆನಾಡು, ಜೋಡುಪಾಲದ ಹತ್ತಿರ ಗುಡ್ಡ ಜಾರಿದ ಜಾಗಗಳು ಇನ್ನೂ ಕಾಣುತ್ತವೆ. ಹುಲ್ಲು ಬಂದಿದೆ, ಮರ ಬಂದಿಲ್ಲ. ಹತ್ತಿ ಬರುವಾಗ ಮದೆನಾಡಿಗಿಂತ ಕೆಳಗೆ, ಮೈಸೂರಿನಲ್ಲಿ ಬಾಡಿಗೆಗೆ ತಂದ ಕಾರಿನ ಮೂತಿಯಿಂದ ಹೊಗೆ. ಹೊಗೆಯಲ್ಲ, ಆವಿ. ಹೋಸ್ ಪೈಪು ಬಿರಿದಿತ್ತು. ಬಾಡಿಗೆಯವರಿಗೆ ಫೋನ್ ಮಾಡೋಣವೆಂದರೆ ಸಿಗ್ನಲ್ ಇಲ್ಲ. ಕೊನೆಗೆ ಒಂದು ಗೆರೆ ಸಿಕ್ಕಿತು, ಅವರು ಹೇಳಿದ್ದು, ‘ಸರ್, ಗಾಡಿ ಅಲ್ಲೇ ಬಿಟ್ಟು ಎಲ್ಲೂ ಹೋಗಬೇಡಿ.’ ಎಲ್ಲಿಗೆ ಹೋಗಲಿ? ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಯಸ್ವಿನಿಯ ಕಣಿವೆ. ಟೂರಿಸ್ಟು ಕಾರುಗಳು ಹಾರನ್ ಹೊಡೆದು ಹೋದವು. ಅವುಗಳಲ್ಲಿ ಒಂದರ ಹಿಂದೆ ‘ಪ್ರಕೃತಿಯನ್ನು ಪ್ರೀತಿಸಿ’ ಅಂತ ಅಂಟಿಸಿದ್ದರು.

ನಿಂತದ್ದು ಒಂದು ಹಳೇ ಜೀಪು. ಬಣ್ಣ ಯಾವುದಿತ್ತು ಅಂತ ಹೇಳುವ ಹಾಗಿರಲಿಲ್ಲ. ಇಳಿದವರು ಎಪ್ಪತ್ತೈದು ದಾಟಿದ ಹಿರಿಯರು, ಖಾಕಿ ಚಡ್ಡಿ, ತಲೆಗೆ ಉಣ್ಣೆ ಟೊಪ್ಪಿ. ಪ್ರಶ್ನೆ ಇಲ್ಲ, ಉಪದೇಶ ಇಲ್ಲ. ಬಾನೆಟ್ಟಿನೊಳಗೆ ಇಣುಕಿ, ‘ಮುಟ್ಟಬೇಡಿ, ಅರ್ಧ ಗಂಟೆ ತಣಿಯಲಿ’ ಅಂದು ಮೋರಿಯ ಮೇಲೆ ಕೂತು ಎಲೆ ಅಡಿಕೆ ತೆಗೆದರು. ಗಡಿಯಾರ ನೋಡಿಯೇ ಅರ್ಧ ಗಂಟೆ ಅಂದದ್ದು, ಅರ್ಧ ಗಂಟೆಗೆ ಸರಿಯಾಗಿ ಎದ್ದರು. ಗೋಣಿತಾಟು ಮಡಚಿ ರೇಡಿಯೇಟರ್ ಮುಚ್ಚಳದ ಮೇಲಿಟ್ಟು ಕಾಲು ಸುತ್ತು ತಿರುಗಿಸಿ ಆವಿ ಬಿಟ್ಟರು, ಆಮೇಲೆ ಪೂರ್ತಿ. ಜೀಪಿನಿಂದ ಸೈಕಲ್ ಟ್ಯೂಬಿನ ಉದ್ದ ಪಟ್ಟಿ ಬಂತು. ಬಿರಿದ ಕಡೆ ಎಳೆದೆಳೆದು ಸುತ್ತಿ, ಮೇಲೆ ತಂತಿ ಬಿಗಿದು, ತೋಡಿನ ನೀರು ತುಂಬಿಸಿದರು. ಮುಚ್ಚಳ ಮಾತ್ರ ಬಿಗಿ ಮಾಡಲಿಲ್ಲ. ‘ಒತ್ತಡ ಕೂರಬಾರದು. ನಲವತ್ತರ ಮೇಲೆ ಹೋಗಬೇಡಿ. ನಾನು ಹಿಂದೆ ಇರುತ್ತೇನೆ.’ ದುಡ್ಡಿನ ಮಾತೆತ್ತಿದ್ದಕ್ಕೆ ಬೈಸಿಕೊಂಡೆ.

ಹಿಂದೆ ಇದ್ದವರು ನಡುವೆ ಒಂದು ಕಡೆ ಲೈಟ್ ಹಾಕಿ ನಿಲ್ಲಿಸಿ ಮನೆಗೇ ಕರೆದೊಯ್ದರು. ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಈಗ ತಮ್ಮದೇ ಎರಡೆಕರೆ. ಮನೆಯಲ್ಲಿ ಗಂಡ ಹೆಂಡತಿ ಮಾತಾಡುವುದು ಅರೆಭಾಷೆ, ನನ್ನ ಹತ್ತಿರ ಅಚ್ಚ ಕನ್ನಡ. ಕಣದಲ್ಲಿ ಕಾಫಿ ಹಣ್ಣು ಹರಡಿತ್ತು, ಆ ಹುಳಿ ವಾಸನೆ ಮನೆಯೊಳಗೆಲ್ಲ. ಊಟ ಹೇಳಲೇಬೇಕು ಅಕ್ಕಾ. ಹೆಂಚಿನಿಂದ ಇಳಿದ ಅಕ್ಕಿರೊಟ್ಟಿ, ಕೆಂಡದ ಮೇಲೆ ಉಬ್ಬಿಸಿದ್ದು. ಸಿಹಿಕುಂಬಳದ ಪಲ್ಯ, ಅದಕ್ಕೆ ಸಾಸಿವೆ ಅರೆದು ಹಾಕಿದ್ದರು. ಸುಟ್ಟ ಬದನೆಕಾಯಿ ಗೊಜ್ಜಿಗೆ ಹುಣಸೆಯ ಬದಲು ಕಾಚಂಪುಳಿ ಒಂದೇ ಒಂದು ಚಮಚ. ಕಪ್ಪಗೆ, ಹಳೇ ಎಂಜಿನ್ ಆಯಿಲಿನ ಹಾಗೆ ಇರುತ್ತದೆ, ಆದರೆ ಅದರ ಹುಳಿ ನಾಲಗೆಗೆ ತಗಲಿದ ಮೇಲೆ ನಮ್ಮ ವಾಟೆಹುಳಿಯ ಜಂಬ ಸ್ವಲ್ಪ ಇಳಿಯಿತು. ಸಾಗರದವಳಿಗೆ ಹೀಗೆ ಬರೆಯಬಾರದು, ಬರೆದಾಯಿತು. ಮೂರನೇ ರೊಟ್ಟಿಗೆ ಬೇಡ ಅಂದೆ, ಆಕೆ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಬೆಲ್ಲದ ಕಾಫಿ, ಹಾಲಿಲ್ಲದ್ದು, ಮೆಣಸಿನ ಕಾಳು ಜಜ್ಜಿ ಹಾಕಿದ್ದು. ಅಮ್ಮನ ಕೆಮ್ಮಿಗೆ ಅದು ಒಳ್ಳೆಯದು. ಡಾಕ್ಟರು ಕೊಟ್ಟ ಸಿರಪ್ ಮುಗಿದಿದ್ದರೆ ಸದ್ಯಕ್ಕೆ ಇದನ್ನೇ ಮಾಡಿಕೊಡು.

ಊಟದ ಮೇಲೆ ಸುಹಾಸನ ಫೋಟೋ ತೋರಿಸಿ ಭಾವನ ಪ್ರಶ್ನೆ ಹೇಳಿದೆ. ಅವರು ಕಪಾಟಿನಿಂದ ಒಂದು ಹಳದಿ ಜಾಕೆಟ್ ತಂದರು, ಬೆನ್ನಿನ ಮೇಲೆ ‘ಮಾರ್ಷಲ್’. ಈಚಿನ ವರ್ಷಗಳಲ್ಲಿ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಸುತ್ತು ಕೊಡಗಿನ ಕಾಫಿ ತೋಟಗಳ ಒಳದಾರಿಯಲ್ಲೂ ನಡೆದಿದೆಯಲ್ಲ, ತೋಟದ ದಾರಿ ಬಲ್ಲವರು ಬೇಕೆಂದು ಇವರನ್ನು ಕರೆದಿದ್ದರಂತೆ.

‘ಇಲ್ಲಿ ಒಬ್ಬನ ಪಕ್ಕ ಒಬ್ಬ ಓಡಿಸುವುದಕ್ಕೆ ಜಾಗ ಎಲ್ಲಿದೆ? ಗಡಿಯಾರದ ಜೊತೆಗೇ ಓಡಬೇಕು’ ಅಂದರು. ಭಾವನಿಗೆ ಇದೆಲ್ಲ ಗೊತ್ತು, ನಿನಗಾಗಿ ಬರೆಯುತ್ತೇನೆ. ಒಂದೊಂದೇ ಕಾರು, ನಿಮಿಷಗಳ ಅಂತರದಲ್ಲಿ ಬಿಡುತ್ತಾರೆ. ಮುಚ್ಚಿದ ತೋಟದ ದಾರಿಯಲ್ಲಿ ಎಷ್ಟು ವೇಗವಾದರೂ ಸರಿ, ಸೆಕೆಂಡಿನ ತುಣುಕಿನವರೆಗೂ ಲೆಕ್ಕ. ಆ ದಾರಿಯಿಂದ ಮುಂದಿನದಕ್ಕೆ ಹೋಗುವಾಗ ಮಾತ್ರ ನಮ್ಮ ನಿಮ್ಮ ಹಾಗೆ ಸಾರ್ವಜನಿಕ ರಸ್ತೆಯಲ್ಲಿ, ಟ್ರಾಫಿಕ್ ನಿಯಮ ಪಾಲಿಸಿಕೊಂಡು, ಗೊತ್ತಾದ ನಿಮಿಷಕ್ಕೆ ಮುಟ್ಟಬೇಕು. ತಡವಾದರೆ ನಿಮಿಷಕ್ಕೆ ಹತ್ತು ಸೆಕೆಂಡು ದಂಡ, ಬೇಗ ಬಂದರೆ ನಿಮಿಷಕ್ಕೆ ಪೂರ್ತಿ ಒಂದು ನಿಮಿಷ! ಬೇಗ ಬಂದವನಿಗೆ ಹೆಚ್ಚು ಶಿಕ್ಷೆ. ನಮ್ಮ ಮದುವೆ ಊಟಗಳಿಗೂ ಈ ನಿಯಮ ತರಬೇಕು.

ಚಾಲಕನ ಪಕ್ಕದಲ್ಲಿ ಕೂತವನು ಕೆಲಸಗಾರ. ಮೊದಲೇ ದಾರಿ ನೋಡಿ ಬರೆದುಕೊಂಡ ಟಿಪ್ಪಣಿಯನ್ನು, ತಿರುವು ಕಣ್ಣಿಗೆ ಬೀಳುವ ಮೊದಲೇ ಓದಿ ಹೇಳುತ್ತಾ ಹೋಗಬೇಕು. ಚಾಲಕ ಅವನ ದನಿಯನ್ನು ನಂಬಿ ಗಾಡಿ ತಿರುಗಿಸುತ್ತಾನೆ. ಈ ಕೆಲಸದಲ್ಲಿ ದೇಶಕ್ಕೇ ಹೆಸರಾದ ಮೂಸಾ ಶರೀಫ್ ಇಲ್ಲಿಂದ ಘಾಟಿ ಇಳಿದರೆ ಸಿಗುವ ಕಾಸರಗೋಡಿನವರು. ಕೊಡಗಿನವರೇ ಆದ ಜಗತ್ ನಂಜಪ್ಪ ರಾಷ್ಟ್ರಮಟ್ಟದ ರ‍್ಯಾಲಿಗಳಲ್ಲಿ ಓಡಿಸಿದವರು. ಆದರೆ ನಮ್ಮ ಮಾರ್ಷಲ್ ಅಜ್ಜನಿಗೆ ಹೆಸರುಗಳಲ್ಲಿ ಆಸಕ್ತಿ ಕಡಿಮೆ. ‘ಗೆದ್ದವರು ಯಾರು ಅಂತ ನಮಗೆ ಸಂಜೆವರೆಗೂ ಗೊತ್ತಾಗುವುದಿಲ್ಲ ಸ್ವಾಮಿ. ನಮ್ಮ ಲೆಕ್ಕ ಬೇರೆ. ಒಳಗೆ ಹೋದದ್ದು ಎಷ್ಟು ಕಾರು, ಹೊರಗೆ ಬಂದದ್ದು ಎಷ್ಟು.’ ಕಾರು ಕೆಟ್ಟು ನಿಂತರೆ ಒಳಗಿನವರು ಹಸಿರು ‘ಓಕೆ’ ಫಲಕ ತೋರಿಸಬೇಕು, ಪೆಟ್ಟಾಗಿದ್ದರೆ ಕೆಂಪು ‘ಎಸ್ಓಎಸ್’. ಮೊದಲು ದಾರಿ ಖಾಲಿಯಿದೆಯೇ ಅಂತ ನೋಡುವ ‘ಝೀರೋ ಕಾರು’, ಕೊನೆಗೆ ಎಲ್ಲರನ್ನೂ ಗುಡಿಸಿಕೊಂಡು ಬರುವ ‘ಸ್ವೀಪ್ ಕಾರು’. ಇವರ ಪಾಯಿಂಟು ಒಂದು ಲೈನ್‌ಮನೆ ಸಾಲಿನ ಹತ್ತಿರ ಇತ್ತಂತೆ. ಕಾರುಗಳಿಗಿಂತ ಕೋಳಿಗಳನ್ನು ಕಾಯುವುದೇ ಕಷ್ಟವಾಯಿತು ಅಂದರು. ನನ್ನ ಹಿಂದೆ ಜೀಪು ತಂದದ್ದೂ ಸ್ವೀಪ್ ಕಾರಿನ ಅಭ್ಯಾಸವೇ ಇರಬೇಕು.

ಭಾರತದಲ್ಲಿ ಮೊದಮೊದಲ ಕಾರು ಸ್ಪರ್ಧೆಗಳೂ ಹೀಗೇ ಇದ್ದವು ಅಂತ ಭಾವನಿಗೆ ನೆನಪಿಸು. 1904ರ ಕೊನೆಗೆ ದೆಹಲಿಯಿಂದ ಬೊಂಬಾಯಿಗೆ ಕಾರುಗಳನ್ನು ಓಡಿಸಿದ್ದು ಯಾರು ಮುಂದೆ ಅಂತ ನೋಡಲು ಅಲ್ಲ, ಯಾವ ಗಾಡಿ ಕೆಡದೆ ಮುಟ್ಟುತ್ತದೆ ಅಂತ ನೋಡಲು. ನಾನು ತಂದ ಬಾಡಿಗೆ ಕಾರು ಅದರಲ್ಲಿ ಮೊದಲ ದಿನವೇ ಮನೆಗೆ ಹೋಗುತ್ತಿತ್ತು.

ಸಂಜೆ ಹಿಂದಿರುಗುವಾಗ ಯೋಚಿಸಿದೆ. ಆ ಸಂಪಾಜೆ ಘಾಟಿ ರಸ್ತೆಯ ಹುಟ್ಟೂ ಸಂಭ್ರಮದ್ದಲ್ಲ. 1834ರಲ್ಲಿ ಕೊಡಗಿನ ರಾಜನನ್ನು ಇಳಿಸಿದ ಕಂಪನಿ ಸರ್ಕಾರ ಅಮರಸುಳ್ಯ ಸೀಮೆಯನ್ನು ಕಿತ್ತು ಕೆನರಾಕ್ಕೆ ಸೇರಿಸಿತು. 1837ರಲ್ಲಿ ಆ ಜನ ದಂಗೆಯೆದ್ದು ಇಳಿದು ಏಪ್ರಿಲ್ 5ರಂದು ಮಂಗಳೂರನ್ನೇ ಹಿಡಿದರು. ದಂಗೆಯ ಮುಂದಾಳುಗಳಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಸೈನ್ಯದ ಸ್ಯಾಪರ್‌ಗಳು ಸಂಪಾಜೆ ಘಾಟಿ ಕಡಿದು ರಸ್ತೆ ಮಾಡಿದ್ದು ಆ ದಂಗೆಯ ಬೆನ್ನಿಗೆ. ಆಮೇಲೆ ಅದೇ ದಾರಿಯಲ್ಲಿ ಎತ್ತಿನ ಗಾಡಿಗಳು ಕಾಫಿ ಹೇರಿಕೊಂಡು ಮಂಗಳೂರಿಗೆ ಇಳಿದವು. ವಿರಾಜಪೇಟೆ ಕಡೆಯ ಕಾಫಿ ಪೆರುಂಬಾಡಿ ಘಾಟಿಯಿಂದ ತಲಶ್ಶೇರಿಗೆ. ಎತ್ತು ಏದುಸಿರು ಬಿಡದಷ್ಟು ಏರು, ಗಾಡಿ ತಿರುಗುವಷ್ಟು ತಿರುವು. ಇವತ್ತು ರ‍್ಯಾಲಿಯವರು ಸಂತೋಷಪಡುವ ತೋಟದ ತಿರುವುಗಳ ಅಳತೆಯೂ ಗಾಡಿಯದೇ. ಇಡೀ ಜಿಲ್ಲೆಗೆ ಇಂದಿಗೂ ರೈಲಿಲ್ಲ, ಇದ್ದಬದ್ದ ಭಾರವೆಲ್ಲ ರಸ್ತೆಯ ಮೇಲೆ. ವ್ಯಾಂಡರ್ಬಿಲ್ಟನ ರಸ್ತೆಗೆ ರೇಸು, ಮೋಜು ಬಿಟ್ಟರೆ ಬೇರೆ ಕೆಲಸವಿರಲಿಲ್ಲ, ಮೂವತ್ತು ವರ್ಷಕ್ಕೆ ಮುಗಿಯಿತು. ಈ ಘಾಟಿ ರಸ್ತೆ 2018ರಲ್ಲಿ ಕುಸಿದು ಕಣಿವೆಗೆ ಬಿದ್ದರೂ ಮತ್ತೆ ಕಟ್ಟಲೇಬೇಕಾಯಿತು, ಏಕೆಂದರೆ ಮಂಗಳೂರಿನ ಆಸ್ಪತ್ರೆಗೆ ಹೋಗುವವರು, ಮೀನಿನ ಲಾರಿ, ಕಾಲೇಜು ಮಕ್ಕಳು, ಎಲ್ಲರಿಗೂ ಇದೇ ದಾರಿ. ಭಾವ ಒಪ್ಪುವುದಿಲ್ಲ, ಬಿಡು. ಅವರಿಗೆ ಕಾಂಕ್ರೀಟ್ ಟ್ರ್ಯಾಕೇ ಬೇಕು.

ನೀನು ಬರೆದ ಪಟ್ಟಿ: ಕಾಳುಮೆಣಸು ಒಂದು ಕಿಲೋ ತೆಗೆದೆ. ಜೇನು ಸೊಸೈಟಿಯದೇ ಬೇಕು ಅಂದೆಯಲ್ಲ, ವಿರಾಜಪೇಟೆಗೆ ಹೋದರೆ ತರುತ್ತೇನೆ. ಕಿತ್ತಳೆ ಕೇಳಬೇಡ. ಅಂಗಡಿಯಲ್ಲಿ ಕೊಡಗಿನ ಕಿತ್ತಳೆ ಅಂತ ಕೊಡುವುದರ ಮೇಲೆ ನಾಗಪುರದ ಸ್ಟಿಕ್ಕರ್ ಇತ್ತು. ಕಾಫಿಪುಡಿಗೆ ಚಿಕೋರಿ ಬೇಡವೋ ಬೇಕೋ, ನಿನ್ನ ಮಾತು ಒಂದು, ಭಾವನ ಮಾತು ಇನ್ನೊಂದು. ಇಬ್ಬರೂ ಸೇರಿ ಒಂದು ತೀರ್ಮಾನ ಮಾಡಿ ಫೋನ್ ಮಾಡಿ. ಹೋಸ್ ಹೊಸದು ಹಾಕಿಸಿದೆ, ಬಾಡಿಗೆಯವರು ಬಿಲ್ಲು ಕಳಿಸಿ ಅಂದಿದ್ದಾರೆ, ನೋಡೋಣ. ಆ ಹಿರಿಯರಿಗೆ ಏನಾದರೂ ಕಳಿಸಬೇಕು, ದುಡ್ಡಂತೂ ಮುಟ್ಟುವುದಿಲ್ಲ. ನೀನು ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಭರಣಿ ಆದೀತೇ? ಕಾಚಂಪುಳಿಗೆ ಜವಾಬು ಅಂದರೆ ಅದೇ. ಪ್ಯಾಕಿಂಗ್ ಮಾತ್ರ ಹೋದ ಸಲ ಸುಹಾಸನಿಗೆ ಕಳಿಸಿದ ಹಾಗೆ ಸೋರದಂತೆ ನೋಡಿಕೋ. ಅಂದಹಾಗೆ ಅಮ್ಮನ ಪಿಂಚಣಿಯ ಜೀವಂತ ಪ್ರಮಾಣಪತ್ರ ಬ್ಯಾಂಕಿಗೆ ಕೊಟ್ಟದ್ದಾಯಿತೇ? ಕೊನೇ ದಿನ ದಾಟಿದ್ದರೆ ಮ್ಯಾನೇಜರ್ ಹತ್ತಿರ ಭಾವನೇ ಹೋಗಿ ಮಾತಾಡಲಿ, ನೀನು ಹೋಗಬೇಡ, ಹೋದ ವರ್ಷ ಕೌಂಟರಿನಲ್ಲಿ ಆ ಹುಡುಗ ಅಮ್ಮನನ್ನೇ ಕರೆತನ್ನಿ ಅಂದಾಗ ಆದದ್ದು ನೆನಪಿದೆಯಲ್ಲ.